ಸೊಂಟ ಮುರಿದದ್ದು ಇಬ್ಬರಿಗೂ, ದಿನದ ದರ ಮಾತ್ರ ಬೇರೆ ಏಕೆ?

ಓದುಗರ ಪ್ರಶ್ನೆ, ನರ್ಸ್ ಉತ್ತರ

(ಅಮೆರಿಕದ ನ್ಯೂಜೆರ್ಸಿಯ ಆರೈಕೆ ಕೇಂದ್ರಗಳಲ್ಲಿ ರೋಗಿಗಳ ಮೌಲ್ಯಮಾಪನ ಮಾಡುವ ನರ್ಸ್ ಆಗಿ ದುಡಿದು, ನಿವೃತ್ತಿಯ ನಂತರ ಮೈಸೂರಿನಲ್ಲಿ ನೆಲೆಸಿರುವ ನಮ್ಮ ಅಂಕಣಕಾರ್ತಿ ಈ ಸಂಚಿಕೆಯಲ್ಲಿ ಮೂರು ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನನ್ನ ಅಕ್ಕನಿಗೆ 78 ವರ್ಷ. ನ್ಯೂಜೆರ್ಸಿಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾದವಳು, ಮೆಡಿಕೇರ್ (ಅಲ್ಲಿನ ಹಿರಿಯರಿಗಿರುವ ಸರಕಾರಿ ಆರೋಗ್ಯ ವಿಮೆ) ಇದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಸ್ಕ್ರೂ ಹಾಕಿ ಕೂಡಿಸಿ, ಐದನೆಯ ದಿನ ನರ್ಸಿಂಗ್ ಹೋಮಿಗೆ, ಎಂದರೆ ಆಸ್ಪತ್ರೆಯ ನಂತರದ ಆರೈಕೆ ಕೇಂದ್ರಕ್ಕೆ, ಕಳುಹಿಸಿದರು. ಅಲ್ಲಿ ಅವಳಿಗೆ ಶೌಚದ ಕೆಲಸಕ್ಕೆ ‘ಎರಡು’, ನಡಿಗೆಗೆ ‘ಮೂರು’ ಎಂದು ಅಂಕ ಹಾಕಿದ್ದಾರೆಂದು ಸೋದರಳಿಯ ಹೇಳುತ್ತಾನೆ. ಅದೇ ಕೋಣೆಯ ಇನ್ನೊಬ್ಬ ಮಹಿಳೆಗೂ ಸೊಂಟವೇ ಮುರಿದದ್ದು. ಆಕೆಯ ಮಗಳು ಮಾತಿನ ನಡುವೆ ಹೇಳಿದಂತೆ ಆಕೆಗೆ ಮೆಡಿಕೇರ್ ದಿನಕ್ಕೆ ಹೆಚ್ಚು ಹಣ ಕೊಡುತ್ತದಂತೆ. ಹಾಗಾದರೆ ಅಕ್ಕನಿಗೆ ಆರೈಕೆ ಕಡಿಮೆಯೇ? ಸಂಕೋಚದ ಸ್ವಭಾವದವಳು, ಯಾರು ಏನು ಕೇಳಿದರೂ ‘ನಾನೇ ಮಾಡಿಕೊಳ್ಳುತ್ತೇನೆ’ ಎನ್ನುತ್ತಾಳೆ. ನಾವು ದೂರದಿಂದ ಏನು ಮಾಡಬಹುದು?
– ಧಾರವಾಡದ ಓದುಗರು

ಉತ್ತರ: ಎರಡು, ಮೂರು ಎಂಬುದನ್ನು ಕೇಳಿ ನೊಂದುಕೊಳ್ಳಬೇಡಿ. ಅದು ಅಕ್ಕನ ಜಾಣತನಕ್ಕೋ ಶ್ರಮಕ್ಕೋ ಕೊಟ್ಟ ಅಂಕವಲ್ಲ. ಒಂದು ಕೆಲಸ ಮುಗಿಸಲು ಆಕೆಗೆ ಇನ್ನೊಬ್ಬರ ಕೈ ಎಷ್ಟು ಬೇಕಾಗುತ್ತದೆ ಎಂಬುದರ ಅಳತೆ. ಆರು ಎಂದರೆ ಯಾರ ನೆರವೂ ಬೇಡ. ಐದು ಎಂದರೆ ತಟ್ಟೆಯನ್ನೋ ಬಟ್ಟೆಯನ್ನೋ ಜೋಡಿಸಿಟ್ಟರೆ ಸಾಕು. ನಾಲ್ಕಾದರೆ ಪಕ್ಕದಲ್ಲಿ ಒಬ್ಬರು ನಿಂತಿರಬೇಕು, ಬಾಯಲ್ಲಿ ಹೇಳಿಕೊಡಬೇಕು ಅಥವಾ ಬೆನ್ನಿಗೆ ಕೈ ತಾಗಿಸಿರಬೇಕು. ಮೂರರಲ್ಲಿ ಸಹಾಯಕಿಯ ಪಾಲು ಅರ್ಧಕ್ಕಿಂತ ಕಡಿಮೆ, ಎರಡರಲ್ಲಿ ಅರ್ಧಕ್ಕಿಂತ ಹೆಚ್ಚು. ಒಂದು ಎಂದರೆ ಎಲ್ಲವನ್ನೂ ಸಹಾಯಕಿಯೇ ಮಾಡಬೇಕು, ಅಥವಾ ಒಬ್ಬರ ಕೈಯಲ್ಲಿ ಆಗದೆ ಇಬ್ಬರು ಬೇಕು. ನಿಮ್ಮ ಅಕ್ಕ ಶೌಚಕ್ಕೆ ಹೋದಾಗ ಬಟ್ಟೆ ಸರಿಸಿ, ಒರೆಸಿ, ಮತ್ತೆ ಬಟ್ಟೆ ಏರಿಸುವ ಕೆಲಸದಲ್ಲಿ ಹೆಚ್ಚಿನ ಭಾಗವನ್ನು ಸಹಾಯಕಿ ಮಾಡುತ್ತಿದ್ದಾಳೆ. ಶಸ್ತ್ರಚಿಕಿತ್ಸೆಯಾದ ವಾರದಲ್ಲಿ ಇದು ತೀರಾ ಸಹಜ.

ಈ ಅಂಕಗಳೆಲ್ಲ ಎಂಡಿಎಸ್ ಎಂಬ ದೊಡ್ಡ ನಮೂನೆಯಲ್ಲಿ ಸೇರುತ್ತವೆ. ನರ್ಸಿಂಗ್ ಹೋಮ್‌ಗಳ ದುಃಸ್ಥಿತಿಯನ್ನು ಸರಿಪಡಿಸಲು ಅಮೆರಿಕದ ಸಂಸತ್ತು 1987ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ ನಮೂನೆ ಅದು. ಮೂಲ ಉದ್ದೇಶ ಹಣದ ಲೆಕ್ಕವಾಗಿರಲಿಲ್ಲ. ಪ್ರತಿಯೊಬ್ಬ ನಿವಾಸಿಯನ್ನೂ ತಲೆಯಿಂದ ಕಾಲಿನವರೆಗೆ ನೋಡಿ, ಕೇಳಿ, ಬರೆದು, ಅದರ ಮೇಲೆ ಆರೈಕೆಯ ಯೋಜನೆ ಮಾಡಬೇಕು ಎಂಬುದಾಗಿತ್ತು. ಹಣದ ಲೆಕ್ಕ ಆಮೇಲೆ ಅದರ ಬೆನ್ನೇರಿತು. ಮೆಡಿಕೇರ್ ದಿನದ ದರ ಲೆಕ್ಕ ಹಾಕುವ ಈಗಿನ ಪದ್ಧತಿಯ ಹೆಸರು ಪಿಡಿಪಿಎಂ, 2019ರ ಅಕ್ಟೋಬರ್ 1ರಂದು ಜಾರಿಗೆ ಬಂತು. ರೋಗಿ ಸೇರಿದ ಮೊದಲ ಕೆಲವು ದಿನಗಳಲ್ಲಿ ಮಾಡಿದ ಒಂದೇ ಮೌಲ್ಯಮಾಪನ, ಸಾಮಾನ್ಯವಾಗಿ ಆ ವಾಸ್ತವ್ಯದ ಉದ್ದಕ್ಕೂ ದರವನ್ನು ನಿರ್ಧರಿಸುತ್ತದೆ. ಸ್ಥಿತಿ ತೀರಾ ಬದಲಾದರೆ ನಡುವೆ ಇನ್ನೊಂದು ಮಾಡಲು ಅವಕಾಶವಿದೆ, ಕಡ್ಡಾಯವಿಲ್ಲ. ಆದ್ದರಿಂದಲೇ ಆ ಮೊದಲ ದಿನಗಳ ಬಗ್ಗೆ ನಾನು ಇಷ್ಟು ಕಳಕಳಿಯಿಂದ ಬರೆಯುತ್ತಿದ್ದೇನೆ.

ಇನ್ನು ಪಕ್ಕದ ಹಾಸಿಗೆಯ ವಿಷಯ. ದಿನದ ದರ ಒಂದೇ ಮೊತ್ತವಲ್ಲ, ಐದು ಭಾಗಗಳನ್ನು ಬೇರೆ ಬೇರೆ ತೂಗಿ ಕೂಡಿಸಿದ್ದು: ಫಿಸಿಯೋಥೆರಪಿ, ಸ್ನಾನ-ಉಡುಗೆಯಂಥ ದಿನಚರಿಯನ್ನು ಮತ್ತೆ ಕಲಿಸುವ ಆಕ್ಯುಪೇಶನಲ್ ಥೆರಪಿ, ಮಾತು ಮತ್ತು ನುಂಗುವಿಕೆಯ ಚಿಕಿತ್ಸೆ, ನರ್ಸಿಂಗ್, ಮತ್ತು ಔಷಧಿ-ಸಾಮಗ್ರಿಗಳ ಖರ್ಚು. ಇವುಗಳ ಜೊತೆಗೆ ಕೋಣೆ, ಊಟ, ಆಡಳಿತದ ಬಾಬ್ತು ಎಲ್ಲರಿಗೂ ಸಮಾನ.

ಸೊಂಟ ಮುರಿದ ಇಬ್ಬರಲ್ಲಿ ಒಬ್ಬರಿಗೆ ಸ್ಕ್ರೂ ಹಾಕಿ ಮೂಳೆ ಕೂಡಿಸಿರುತ್ತಾರೆ, ಇನ್ನೊಬ್ಬರಿಗೆ ಕೀಲನ್ನೇ ಬದಲಿಸಿರುತ್ತಾರೆ. ಮುರಿತ ಒಂದೇ ಆದರೂ ಈ ಲೆಕ್ಕದಲ್ಲಿ ಅವರು ಬೇರೆ ಗುಂಪಿಗೆ ಹೋಗುತ್ತಾರೆ. ಕೀಲು ಬದಲಿಸಿದವರ ಗುಂಪಿಗೆ ಥೆರಪಿಯ ತೂಕ ಹೆಚ್ಚು. ಆ ಮಹಿಳೆಗೆ ನುಂಗುವ ತೊಂದರೆಯಿದ್ದು ನುಣ್ಣಗೆ ಅರೆದ ಆಹಾರ ಕೊಡುತ್ತಿದ್ದರೆ ಮಾತು-ನುಂಗುವಿಕೆಯ ಭಾಗ ಏರುತ್ತದೆ. ಔಷಧಿಯ ಭಾಗದಲ್ಲಿ ಪ್ರತಿ ತೊಂದರೆಗೂ ಅಂಕಗಳಿವೆ: ರಕ್ತನಾಳದ ಮೂಲಕ ಔಷಧಿ ನಡೆಯುತ್ತಿದ್ದರೆ ಐದು, ಸಕ್ಕರೆ ಕಾಯಿಲೆಗೆ ಎರಡು, ಹೀಗೆ. ಒಟ್ಟು ಅಂಕ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚಿದ್ದವರು ಎಲ್ಲಕ್ಕಿಂತ ಮೇಲಿನ ಗುಂಪು, ಸೊನ್ನೆಯವರು ಎಲ್ಲಕ್ಕಿಂತ ಕೆಳಗಿನ ಗುಂಪು. ಈ ಭಾಗದ ದರ ಮೊದಲ ಮೂರು ದಿನ ಮೂರು ಪಟ್ಟು ಇರುತ್ತದೆ, ಏಕೆಂದರೆ ಔಷಧಿ ತರಿಸುವ, ಉಪಕರಣ ಜೋಡಿಸುವ ಖರ್ಚೆಲ್ಲ ಆಗಲೇ ಬೀಳುತ್ತದೆ.

ಇನ್ನೊಂದು ಸಂಗತಿ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಹೆಚ್ಚು ಅಶಕ್ತರಾದವರಿಗೆ ಎಲ್ಲ ಭಾಗದಲ್ಲೂ ಹೆಚ್ಚು ಹಣ ಎಂದಿಲ್ಲ. ನರ್ಸಿಂಗ್ ಭಾಗದಲ್ಲಿ ಅಶಕ್ತತೆ ಹೆಚ್ಚಿದಷ್ಟೂ ದರ ಏರುತ್ತದೆ. ಥೆರಪಿಯ ಭಾಗದಲ್ಲಿ, ಕೀಲು ಬದಲಿಸಿದವರನ್ನು ಬಿಟ್ಟರೆ, ಮಧ್ಯಮ ಸ್ಥಿತಿಯವರಿಗೇ ಹೆಚ್ಚು. ಪೂರ್ತಿ ಹಾಸಿಗೆ ಹಿಡಿದವರು ಥೆರಪಿಯಲ್ಲಿ ಹೆಚ್ಚು ಪಾಲ್ಗೊಳ್ಳಲಾರರು, ಪೂರ್ತಿ ಸ್ವತಂತ್ರರಿಗೆ ಅದರ ಅಗತ್ಯ ಕಡಿಮೆ, ಬಹಳ ದುಡಿಮೆ ಬೇಕಾಗುವುದು ನಡುವಿನವರಿಗೆ. ನಿಮ್ಮ ಅಕ್ಕನ ಎರಡು-ಮೂರರ ಅಂಕಗಳು ಆ ನಡುವಿನ ಜಾಗದ ಆಸುಪಾಸಿನಲ್ಲೇ ಇವೆ.

ಹಾಗಾದರೆ ಆರೈಕೆ ಕಡಿಮೆಯೇ? ಅಲ್ಲ. ದರ ಎನ್ನುವುದು ಸಂಸ್ಥೆಗೆ ಸಲ್ಲುವ ಹಣ, ಹಾಸಿಗೆಗೆ ಸಲ್ಲುವ ಆರೈಕೆಯ ಮಿತಿಯಲ್ಲ. ಪಕ್ಕದವರಿಗೆ ಹೆಚ್ಚು ದರ ಬಂತೆಂದು ಅವರ ಕರೆಗಂಟೆಗೆ ಮೊದಲು ಓಡಬೇಕೆಂಬ ನಿಯಮ ಎಲ್ಲೂ ಇಲ್ಲ. ದರ ಎಷ್ಟೇ ಇರಲಿ, ಆಕೆಗೆ ಬೇಕಾದದ್ದನ್ನು ಕೊಡುವುದು ಕೇಂದ್ರದ ಹೊಣೆ. ಆದರೆ ಬರೆಯದೇ ಹೋದ ಕಷ್ಟವನ್ನು ಆರೈಕೆಯ ಯೋಜನೆ ಕಾಣುವುದೇ ಇಲ್ಲ. ನೀವು ಚಿಂತಿಸಬೇಕಾದದ್ದು ದರದ ಬಗ್ಗೆ ಅಲ್ಲ, ಇದರ ಬಗ್ಗೆ.

‘ನಾನೇ ಮಾಡಿಕೊಳ್ಳುತ್ತೇನೆ’ ಎಂಬ ಮಾತನ್ನು ನಮ್ಮ ಕಡೆಯ ಎಷ್ಟೋ ಹೆಂಗಸರ ಬಾಯಲ್ಲಿ ಕೇಳಿದ್ದೇನೆ. ಜೀವಮಾನವಿಡೀ ಇನ್ನೊಬ್ಬರಿಗೆ ಬಡಿಸಿದವರು, ತಮ್ಮನ್ನು ಇನ್ನೊಬ್ಬರು ತೊಳೆಯುವುದನ್ನು ಸಹಿಸಲಾರರು. ತುಮಕೂರು ಕಡೆಯ ಒಬ್ಬ ಅಜ್ಜಿ ಹಗಲಿನಲ್ಲಿ ಫಿಸಿಯೋಥೆರಪಿಸ್ಟ್ ಬಂದಾಗ ವಾಕರ್ ಹಿಡಿದು ಸೆರಗು ಸರಿಮಾಡಿಕೊಂಡು ಐವತ್ತು ಅಡಿ ನಡೆದು ಬರುತ್ತಿದ್ದರು. ರಾತ್ರಿ ಮೂರು ಗಂಟೆಗೆ ಅವರನ್ನು ಹಾಸಿಗೆಯಿಂದ ಕಮೋಡಿಗೆ ಕೂಡಿಸಲು ಇಬ್ಬರು ಸಹಾಯಕಿಯರು ಬೇಕಾಗುತ್ತಿತ್ತು. ಮೊಣಕಾಲು ಬಿಗಿದುಕೊಂಡು, ನೋವಿಗೆ ತುಟಿ ಕಚ್ಚಿ, ಕೊನೆಗೆ ನಿಲ್ಲಲಾಗದೆ ಜೋಲುತ್ತಿದ್ದರು. ಬೆಳಿಗ್ಗೆ ಕೇಳಿದರೆ ‘ರಾತ್ರಿ ಏನೂ ತೊಂದರೆಯಾಗಲಿಲ್ಲ’ ಎನ್ನುತ್ತಿದ್ದರು. ನಿಯಮ ಕೇಳುವುದು ಮೊದಲ ಮೂರು ದಿನಗಳಲ್ಲಿ ಆಕೆ ಸಾಮಾನ್ಯವಾಗಿ ಹೇಗಿದ್ದರು ಎಂದು. ಅತಿ ಚೆನ್ನಾಗಿದ್ದ ಗಳಿಗೆಯನ್ನೂ ಅಲ್ಲ, ಅತಿ ಕೆಟ್ಟ ಗಳಿಗೆಯನ್ನೂ ಅಲ್ಲ. ರಾತ್ರಿ ಪಾಳಿಯ ಸಹಾಯಕಿಯರ ಟಿಪ್ಪಣಿ ಇರದಿದ್ದರೆ ಕಾಗದದ ಮೇಲೆ ಆ ಅಜ್ಜಿಯ ರಾತ್ರಿಗಳು ಇರುತ್ತಲೇ ಇರಲಿಲ್ಲ.

ಇಲ್ಲಿ ನಿಮ್ಮ ಸೋದರಳಿಯನಿಗೊಂದು ಮಾತು. ನಮ್ಮವರು ಪ್ರೀತಿಯಿಂದ ಎಲ್ಲವನ್ನೂ ತಾವೇ ಮಾಡಿಬಿಡುತ್ತಾರೆ. ಮಗ ಊಟ ಮಾಡಿಸುತ್ತಾನೆ, ಸೊಸೆ ಬಚ್ಚಲಿಗೆ ಕರೆದೊಯ್ಯುತ್ತಾಳೆ. ಈ ಅಂಕಗಳಲ್ಲಿ ‘ಸಹಾಯಕರು’ ಎಂದರೆ ಕೇಂದ್ರದ ಸಿಬ್ಬಂದಿ ಮಾತ್ರ. ಮನೆಯವರು ಪಟ್ಟ ಶ್ರಮ ಅಲ್ಲಿ ಎಣಿಕೆಗೆ ಬರುವುದಿಲ್ಲ. ಮೊದಲ ಮೂರು ದಿನ ಸಿಬ್ಬಂದಿಯೇ ಮಾಡಲಿ, ನೋಡಲಿ, ಬರೆಯಲಿ. ಅವನು ಕುರ್ಚಿಯಲ್ಲಿ ಕುಳಿತು ಅಮ್ಮನ ಕೈ ಹಿಡಿದುಕೊಂಡಿದ್ದರೆ ಸಾಕು. ರಾತ್ರಿ ಹೇಗಿತ್ತು, ಮನೆಯಲ್ಲಿ ಬೀಳುವ ಮೊದಲು ಏನೇನು ತಾನೇ ಮಾಡಿಕೊಳ್ಳುತ್ತಿದ್ದರು ಎಂಬುದನ್ನು ಅವನೇ ನರ್ಸ್‌ಗೆ ಹೇಳಲಿ.

ಭಾಷೆಯ ವಿಷಯವನ್ನೂ ಕೇಳಿನೋಡಿ. ನೆನಪಿನ ಶಕ್ತಿ ತಿಳಿಯಲು ಒಂದು ಸಣ್ಣ ಸಂದರ್ಶನ ಮಾಡುತ್ತಾರೆ. ಕಾಲುಚೀಲ, ನೀಲಿ, ಹಾಸಿಗೆ ಎಂಬ ಮೂರು ಪದಗಳನ್ನು ಹೇಳಿ, ಮರಳಿ ಹೇಳಿಸಿ, ವರ್ಷ, ತಿಂಗಳು, ವಾರ ಕೇಳಿ, ಮತ್ತೆ ಆ ಪದಗಳನ್ನು ನೆನಪಿಸಿಕೊಳ್ಳಲು ಹೇಳುತ್ತಾರೆ. ಒಟ್ಟು 15 ಅಂಕ. ಹದಿಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬುದ್ಧಿ ಚುರುಕು, ಏಳು ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಕುಂದು. ಅದೇ ತುಮಕೂರಿನ ಅಜ್ಜಿ ‘ಯಾವ ತಿಂಗಳು’ ಎಂದಾಗ ‘ಶ್ರಾವಣ’ ಎಂದರು. ಅದು ಸರಿಯಾದ ಉತ್ತರವೇ ಆಗಿತ್ತು, ಕೇಳಿದ ನರ್ಸ್‌ಗೆ ತಿಳಿಯಲಿಲ್ಲ. ನನ್ನನ್ನು ಕರೆದರು, ಕನ್ನಡದಲ್ಲಿ ಮತ್ತೆ ಕೇಳಿದೆವು, ಅಂಕ ಹದಿನಾಲ್ಕಕ್ಕೆ ಏರಿತು. ರೋಗಿಗೆ ಒಗ್ಗುವ ಭಾಷೆಯಲ್ಲಿ, ದುಭಾಷಿಯ ನೆರವಿನಿಂದ ಕೇಳಬೇಕೆಂಬುದು ನಿಯಮದಲ್ಲೇ ಇದೆ. ನಿಮ್ಮ ಅಕ್ಕನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿರಬಹುದು. ಆದರೂ ನೋವಿನ ಮಾತ್ರೆಯ ಮಂಪರಿನಲ್ಲಿ ನಾಲಿಗೆ ತಾಯಿನುಡಿಗೆ ಹೊರಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕನ್ನಡ ದುಭಾಷಿಯನ್ನು ಫೋನಿನಲ್ಲಾದರೂ ಒದಗಿಸಿ ಎಂದು ಸೋದರಳಿಯ ಕೇಳಲಿ, ಅದು ಉಪಕಾರವಲ್ಲ.

ಕೊನೆಯದಾಗಿ ದಿನಗಳ ವಿಷಯ. ಮೆಡಿಕೇರ್ ಇಂಥ ಆರೈಕೆಗೆ ಹೆಚ್ಚೆಂದರೆ 100 ದಿನ ಕೊಡುತ್ತದೆ. ಮೊದಲ 20 ದಿನ ರೋಗಿಗೆ ಖರ್ಚಿಲ್ಲ. 21ನೆಯ ದಿನದಿಂದ ರೋಗಿಯೇ ದಿನಕ್ಕೊಂದು ಪಾಲು ಕೊಡಬೇಕು, 2025ರಲ್ಲಿ ಅದು 209.50 ಡಾಲರ್. ಪೂರಕ ವಿಮೆ ಇದ್ದರೆ ಅದು ಭರಿಸಬಹುದು, ಇದೆಯೇ ಎಂದು ಈಗಲೇ ನೋಡಿಕೊಳ್ಳಲಿ. ಅದೇ ಹೊತ್ತಿಗೆ ಸಂಸ್ಥೆಗೆ ಬರುವ ಥೆರಪಿಯ ದರವೂ ಏಳು ದಿನಕ್ಕೊಮ್ಮೆ ಶೇಕಡಾ 2ರಂತೆ ಇಳಿಯತೊಡಗುತ್ತದೆ. ಹೀಗಾಗಿ ಇಪ್ಪತ್ತನೆಯ ದಿನದ ಸುಮಾರಿಗೆ ‘ಇನ್ನು ಸುಧಾರಣೆ ಇಲ್ಲ, ಮನೆಗೆ ಹೊರಡಿ’ ಎಂಬ ಮಾತು ಬಂದರೆ ಸುಮ್ಮನೆ ತಲೆಯಾಡಿಸಬೇಡಿ. ಸುಧಾರಣೆ ಕಾಣಲೇಬೇಕೆಂಬ ಷರತ್ತು ಇಲ್ಲವೆಂದು 2013ರ ಜಿಮ್ಮೋ ಪ್ರಕರಣದ ಒಪ್ಪಂದ ಸ್ಪಷ್ಟಪಡಿಸಿದೆ. ಇರುವ ಶಕ್ತಿ ಕುಂದದಂತೆ ಕಾಯಲು ನುರಿತವರ ಕೈ ಬೇಕಿದ್ದರೂ ಮೆಡಿಕೇರ್ ಹಣ ಕೊಡುತ್ತದೆ. ಸೇವೆ ನಿಲ್ಲಿಸುವ ಕನಿಷ್ಠ ಎರಡು ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು, ಅದರಲ್ಲೇ ತ್ವರಿತ ಮೇಲ್ಮನವಿಯ ಫೋನ್ ಸಂಖ್ಯೆ ಇರುತ್ತದೆ. ಸೇವೆ ನಿಲ್ಲುವ ಹಿಂದಿನ ದಿನ ಮಧ್ಯಾಹ್ನ 12 ಗಂಟೆಯೊಳಗೆ ಕರೆ ಮಾಡಬೇಕು.

ಇದನ್ನು ಓದುವ ಇತರರಿಗೂ ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಸೌಲಭ್ಯ ಸಿಗಬೇಕಾದರೆ ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಮೂರು ದಿನ ಒಳರೋಗಿಯಾಗಿ ದಾಖಲಾಗಿರಬೇಕು. ನಾಲ್ಕು ರಾತ್ರಿ ಆಸ್ಪತ್ರೆಯ ಮಂಚದ ಮೇಲೇ ಮಲಗಿದ್ದರೂ ಕಾಗದದಲ್ಲಿ ‘ನಿಗಾವಣೆ’ ಎಂದು ಬರೆದಿದ್ದರೆ ಆ ರಾತ್ರಿಗಳು ಲೆಕ್ಕಕ್ಕಿಲ್ಲ. ಎರಡನೆಯ ದಿನವೇ ಕೇಳಿ: ಒಳರೋಗಿಯೋ, ನಿಗಾವಣೆಯೋ?

ಪ್ರಶ್ನೆ: ನಾನು ಉಡುಪಿ ಕಡೆಯವಳು, ಓಹಾಯೊದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ನಾನು ಮತ್ತು ಥೆರಪಿಸ್ಟ್ ನೋಡಿದಂತೆ ಒಬ್ಬ ರೋಗಿ ಪಕ್ಕದಲ್ಲಿ ಯಾರಾದರೂ ಇದ್ದರೆ ತಾವೇ ಊಟ ಮಾಡುತ್ತಾರೆ, ಹಲ್ಲುಜ್ಜುತ್ತಾರೆ. ನಾನು ನಾಲ್ಕು ಬರೆದೆ. ಮೇಲಿನವರು ‘ಎರಡು ಮಾಡು, ದರ ಸರಿಹೋಗುತ್ತದೆ’ ಎಂದರು. ಇದು ಮೂರನೆಯ ರೋಗಿಯ ವಿಷಯದಲ್ಲಿ ಆಗುತ್ತಿದೆ. ಬಂದು ಇನ್ನೂ ವರ್ಷ ತುಂಬಿಲ್ಲ, ಒಪ್ಪಂದ ಮುರಿದರೆ ದಂಡ ಕಟ್ಟಬೇಕು. ಏನು ಮಾಡಲಿ?
– ಹೆಸರು ಬೇಡ ಎಂದವರು

ಉತ್ತರ: ತಂಗೀ, ಬರೆಯಬೇಡಿ.

ಮೊದಲು ಒಂದು ಸಾಧ್ಯತೆಯನ್ನು ಪರಿಶೀಲಿಸಿ. ನೀವು ಹಗಲು ಪಾಳಿಯಲ್ಲಿ ಕಂಡದ್ದು ನಾಲ್ಕು. ಸಂಜೆ ದಣಿದ ಮೇಲೆ ಸಹಾಯಕಿ ತುತ್ತು ತಿನ್ನಿಸುತ್ತಿದ್ದರೆ, ಅದು ಟಿಪ್ಪಣಿಯಲ್ಲೂ ಇದ್ದರೆ, ತಂಡ ಕುಳಿತು ಮೂರು ಎಂದೋ ಎರಡು ಎಂದೋ ತೀರ್ಮಾನಿಸಬಹುದು. ಅದು ತಪ್ಪಲ್ಲ. ಆದರೆ ನಿಮಗೆ ಹೇಳಿದ ಕಾರಣ ರೋಗಿಯದ್ದಲ್ಲ, ದರದ್ದು. ಅಲ್ಲಿಗೆ ಮಾತು ಮುಗಿಯಿತು.

ಎಂಡಿಎಸ್ ನಮೂನೆಯ ಕೊನೆಗೆ ಝಡ್ ವಿಭಾಗವಿದೆ, ಯಾರು ಯಾವ ಭಾಗ ತುಂಬಿದರೋ ಅವರು ಸಹಿ ಮಾಡುವ ಜಾಗ. ಅದರ ಮೇಲಿನ ಘೋಷಣೆಯನ್ನು ಒಮ್ಮೆ ನಿಧಾನವಾಗಿ ಓದಿ. ಈ ಮಾಹಿತಿ ಸರಿಯಾಗಿದೆ, ಸರಕಾರದ ಹಣ ಇದನ್ನು ಆಧರಿಸಿ ಬರುತ್ತದೆ, ಸುಳ್ಳು ಬರೆದರೆ ಶಿಕ್ಷೆಗೆ ಗುರಿಯಾಗಬಹುದು ಎಂಬ ಅರ್ಥದ ಒಕ್ಕಣೆ ಅಲ್ಲಿದೆ. ಸಹಿ ನಿಮ್ಮದು, ‘ಮಾಡು’ ಎಂದವರದ್ದಲ್ಲ. ಸರಕಾರಕ್ಕೆ ಸುಳ್ಳು ಲೆಕ್ಕ ಕೊಡುವುದರ ವಿರುದ್ಧದ ಕಾಯ್ದೆ ಅಮೆರಿಕದ ಅಂತರ್ಯುದ್ಧದ ಕಾಲದ್ದು, 1863ರದ್ದು. ಸೈನ್ಯಕ್ಕೆ ಕಳಪೆ ಸರಕು ಮಾರಿದವರನ್ನು ಹಿಡಿಯಲು ಬಂದದ್ದು ಇಂದು ಆಸ್ಪತ್ರೆಗಳ ಮೇಲೂ ಬಳಕೆಯಾಗುತ್ತದೆ. ಆದ ನಷ್ಟದ ಮೂರು ಪಟ್ಟು ವಸೂಲಿಗೆ ಅವಕಾಶವಿದೆ. ಒಳಗಿನಿಂದ ದೂರು ಕೊಟ್ಟ ನೌಕರರ ಮೇಲೆ ಸೇಡು ತೀರಿಸಿಕೊಳ್ಳುವುದನ್ನೂ ಅದೇ ಕಾಯ್ದೆ ತಡೆಯುತ್ತದೆ.

ಈಗ ಮಾಡಬೇಕಾದದ್ದು. ನೀವು ಕಂಡದ್ದನ್ನು ಆ ದಿನವೇ, ಗಂಟೆ ಸಹಿತ ರೋಗಿಯ ಟಿಪ್ಪಣಿಯಲ್ಲಿ ಬರೆಯಿರಿ. ಥೆರಪಿಸ್ಟ್‌ಗೂ ಹಾಗೆಯೇ ಮಾಡಲು ಹೇಳಿ. ಅಂಕ ಬದಲಿಸಲು ಮತ್ತೆ ಹೇಳಿದರೆ, ‘ಯಾವ ಟಿಪ್ಪಣಿಯ ಆಧಾರದ ಮೇಲೆ ಎಂದು ದಯವಿಟ್ಟು ಇಮೇಲ್‌ನಲ್ಲಿ ತಿಳಿಸಿ’ ಎಂದು ಸೌಜನ್ಯದಿಂದ ಕೇಳಿ. ಈ ಒಂದು ವಾಕ್ಯಕ್ಕೆ ಎಷ್ಟೋ ಮೇಲಿನವರು ಹಿಂದೆ ಸರಿದದ್ದನ್ನು ನೋಡಿದ್ದೇನೆ. ಅವರು ಸರಿಯದಿದ್ದರೆ ಸಂಸ್ಥೆಯ ನಿಯಮಪಾಲನೆ ಅಧಿಕಾರಿಗೆ ಬರೆಯಿರಿ, ಅಲ್ಲೂ ಆಗದಿದ್ದರೆ ಅಮೆರಿಕ ಸರಕಾರದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ದೂರು ವ್ಯವಸ್ಥೆ ಇದೆ. ಒಪ್ಪಂದದ ಪ್ರತಿಯನ್ನು ಅಲ್ಲಿನ ಕಾರ್ಮಿಕ ಕಾನೂನು ತಿಳಿದ ವಕೀಲರಿಗೆ ತೋರಿಸಿ. ರೋಗಿಯ ದಾಖಲೆಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಅದು ಬೇರೆಯೇ ತೊಂದರೆಗೆ ದಾರಿಯಾಗಬಹುದು.

ಪಿಡಿಪಿಎಂ ಬರುವ ಮೊದಲು ಒತ್ತಡ ಇನ್ನೊಂದು ಕಡೆಯಿಂದ ಬರುತ್ತಿತ್ತು. ಹಳೆಯ ಪದ್ಧತಿಯಲ್ಲಿ ಥೆರಪಿಯ ನಿಮಿಷಗಳನ್ನು ಎಣಿಸುತ್ತಿದ್ದರು, ವಾರಕ್ಕೆ 720 ನಿಮಿಷ ಮುಟ್ಟಿದರೆ ಅತ್ಯಂತ ಮೇಲಿನ ದರ. ಆ ಗೆರೆ ಮುಟ್ಟಿಸಲು, ಜ್ವರ ಬಂದು ಮುದುಡಿ ಮಲಗಿದ್ದ ತೊಂಬತ್ತರ ಮುದುಕರನ್ನು ಎಬ್ಬಿಸಿ ಸೈಕಲ್ ಪೆಡಲಿನ ಮುಂದೆ ಕೂರಿಸುತ್ತಿದ್ದ ದಿನಗಳು ನನ್ನ ಕಣ್ಣ ಮುಂದಿವೆ. ನಿಮಿಷದ ಬದಲು ಸ್ಥಿತಿಯನ್ನೇ ಅಳೆಯುವ ಪದ್ಧತಿ ಬಂದಾಗ ನನಗೆ ಸಂತೋಷವಾಯಿತು, ಈಗಲೂ ಅದೇ ಮೇಲು ಎಂದು ನಂಬುತ್ತೇನೆ. ಆದರೆ ಈಗ ಎಲ್ಲವೂ ನಿಮ್ಮಂಥವರು ಬರೆಯುವ ಆ ಒಂದು ಅಂಕಿಯ ಮೇಲೆ ನಿಂತಿದೆ. ತಾನೇ ಊಟ ಮಾಡುವವರಿಗೆ ‘ಎರಡು’ ಎಂದು ಬರೆದರೆ ಮರುದಿನದಿಂದ ಅವರ ಕೈಯಿಂದ ಚಮಚ ಕಿತ್ತುಕೊಂಡು ತಿನ್ನಿಸುತ್ತಾರೆ, ಏಕೆಂದರೆ ಯೋಜನೆಯಲ್ಲಿ ಹಾಗೆಂದಿದೆ. ಮೆಡಿಕೇರ್‌ನ ಹಣ ಹೋಗುವುದು ಒಂದು ನಷ್ಟ, ಒಬ್ಬ ಮನುಷ್ಯನಿಂದ ಅವನ ಕೊನೆಯ ಸ್ವಾತಂತ್ರ್ಯ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ.

ಧೈರ್ಯವಾಗಿರಿ. ನಿಮ್ಮ ಪತ್ರವನ್ನು ಜೋಪಾನವಾಗಿ ಇಟ್ಟಿದ್ದೇನೆ, ಬೇರೆ ಯಾರೂ ನೋಡಿಲ್ಲ.

ಪ್ರಶ್ನೆ: ನಮ್ಮ ಅಪ್ಪನಿಗೆ ಆಯುಷ್ಮಾನ್ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎಲ್ಲ ಇರುವ ಅಪ್ಪನಿಗೂ, ಗಟ್ಟಿಮುಟ್ಟಾದ ನಲವತ್ತರ ವ್ಯಕ್ತಿಗೂ ಆಸ್ಪತ್ರೆಗೆ ಅದೇ ಪ್ಯಾಕೇಜ್ ಮೊತ್ತವಂತೆ. ‘ಇಂಥವರನ್ನು ಸೇರಿಸಿಕೊಂಡರೆ ನಮಗೆ ನಷ್ಟ’ ಎಂದು ಒಂದು ಆಸ್ಪತ್ರೆಯವರು ಮುಖಕ್ಕೇ ಹೇಳಿದರು. ನಮ್ಮಲ್ಲಿ ಕಾಯಿಲೆಯ ಕಷ್ಟ ನೋಡಿ ಹಣ ಕೊಡುವ ಪದ್ಧತಿ ಇಲ್ಲವೇ?
– ದಾವಣಗೆರೆಯ ಓದುಗರು

ಉತ್ತರ: ಮುಖಕ್ಕೆ ಹಾಗೆ ಹೇಳಿದ್ದು ಅನ್ಯಾಯ, ಆದರೆ ಆ ಮಾತಿನ ಹಿಂದಿನ ಲೆಕ್ಕ ನಿಜ. ನಮ್ಮ ಪ್ಯಾಕೇಜ್‌ಗಳಲ್ಲಿ ಬಹುಪಾಲು ಚಿಕಿತ್ಸೆಗೆ ಬೆಲೆ ಇದೆ, ರೋಗಿಯ ಒಟ್ಟು ಸ್ಥಿತಿಗೆ ಇಲ್ಲ. ಶಸ್ತ್ರಚಿಕಿತ್ಸೆ ಇಲ್ಲದ ಕಾಯಿಲೆಗಳಲ್ಲಿ ಮಾತ್ರ ಸಾಮಾನ್ಯ ವಾರ್ಡ್, ಐಸಿಯು, ವೆಂಟಿಲೇಟರ್ ಎಂದು ದಿನದ ದರ ಏರುತ್ತದೆ.

ಅಮೆರಿಕದಲ್ಲೂ ಈ ಪ್ರಶ್ನೆ ಎದ್ದಿತ್ತು. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ರೋಗಿಗಳನ್ನು ಅವರಿಗೆ ಆಗುವ ಖರ್ಚಿನ ಹೋಲಿಕೆಯ ಮೇಲೆ ಗುಂಪು ಮಾಡುವ ಡಿಆರ್‌ಜಿ ಪದ್ಧತಿಯನ್ನು ರೂಪಿಸಿದರು. ಥಾಂಪ್ಸನ್ ನರ್ಸ್ ಆಗಿ ತರಬೇತಿ ಪಡೆದವರು ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. 1980ರಿಂದ ನ್ಯೂಜೆರ್ಸಿಯಲ್ಲಿ ಪ್ರಯೋಗವಾಗಿ, 1983ರಲ್ಲಿ ಮೆಡಿಕೇರ್ ಆಸ್ಪತ್ರೆಗಳಿಗೆ ಅದನ್ನು ಅಳವಡಿಸಿತು. ಅಲ್ಲಿ ಪ್ರತಿ ಗುಂಪಿಗೂ ಒಂದು ತೂಕ. ಸರಾಸರಿ ರೋಗಿ ಒಂದು ಎಂದಾದರೆ ಎರಡು ತೂಕದ ರೋಗಿಗೆ ಎರಡು ಪಟ್ಟು ಹಣ. ಒಂದು ಆಸ್ಪತ್ರೆಯ ಎಲ್ಲ ರೋಗಿಗಳ ಸರಾಸರಿ ತೂಕವೇ ಆ ಆಸ್ಪತ್ರೆ ಎಷ್ಟು ಕಠಿಣ ರೋಗಿಗಳನ್ನು ನೋಡುತ್ತದೆ ಎಂಬುದರ ಸೂಚಿ. 2007ರಲ್ಲಿ ಜೊತೆಗಿರುವ ಕಾಯಿಲೆಗಳ ತೀವ್ರತೆಯನ್ನೂ ಸೇರಿಸಿ ಅದನ್ನು ಪರಿಷ್ಕರಿಸಿದರು. ನಿಮ್ಮ ಅಪ್ಪನಂಥವರಿಗಾಗಿಯೇ ಆದ ತಿದ್ದುಪಡಿ ಅದು. ಭಾರತದಲ್ಲಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ 2022ರಲ್ಲಿ ಕೇರಳ, ಮಹಾರಾಷ್ಟ್ರ ಸೇರಿ ಐದು ರಾಜ್ಯಗಳಲ್ಲಿ ಡಿಆರ್‌ಜಿಯ ಪ್ರಯೋಗ ಮಾಡುವುದಾಗಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ.

ಇಂಥ ಪದ್ಧತಿ ಇಲ್ಲಿ ನಿಲ್ಲಬೇಕಾದರೆ ನಮ್ಮ ಡಿಸ್ಚಾರ್ಜ್ ಸಾರಾಂಶಗಳು ಬದಲಾಗಬೇಕು. ನನ್ನ ನೆಂಟರಿಷ್ಟರು ತೋರಿಸುವ ಕಾಗದಗಳಲ್ಲಿ ಶಸ್ತ್ರಚಿಕಿತ್ಸೆಯ ಹೆಸರೊಂದು, ಮಾತ್ರೆಗಳ ಪಟ್ಟಿಯೊಂದು ಇರುತ್ತದೆ, ಅಷ್ಟೇ. ಅಪ್ಪನ ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು, ಇನ್ಸುಲಿನ್ ಬೇಕಾಯಿತೇ, ಕ್ರಿಯಾಟಿನಿನ್ ಎಷ್ಟಿತ್ತು, ಆಸ್ಪತ್ರೆಯಲ್ಲಿದ್ದಾಗ ಸೋಂಕು ತಗುಲಿತೇ, ಮನೆಗೆ ಹೊರಡುವಾಗ ತಾವೇ ನಡೆಯುತ್ತಿದ್ದರೇ ಎಂಬುದೂ ಅದರಲ್ಲಿ ಇರಬೇಕು. ಮುಂದಿನ ವೈದ್ಯರಿಗೆ ಇದು ಇವತ್ತೇ ಬೇಕು, ದರದ ಲೆಕ್ಕ ಯಾವಾಗಲಾದರೂ ಬರಲಿ. ಮುಂದಿನ ಸಲ ಹೊರಡುವ ಮೊದಲು ವಾರ್ಡಿನ ಡಾಕ್ಟರ ಬಳಿ ಇವನ್ನೆಲ್ಲ ಬರೆಸಿಕೊಳ್ಳಿ. ರೋಗಿಯ ಕಡೆಯವರು ಹೀಗೆ ಕೇಳುವುದು ಅವರಿಗೆ ಅಭ್ಯಾಸವಿಲ್ಲದಿರಬಹುದು, ಆದರೂ ಕಾದು ಬರೆಸಿಕೊಂಡೇ ಹೊರಡಿ.